ಹಗ್ಗ ಹಿಡಿದ ಕಲ್ಲು

ನಾನು ಒಂದು ಕರಿಕಲ್ಲಿನ ಬಂಡೆ. ಹುಟ್ಟಿದ ತಾರೀಕು ಮಾತ್ರ ಕೇಳಬೇಡಿ. ಘಟ್ಟದ ಬುಡದ ಗುಡ್ಡದೊಳಗೆ ಎಷ್ಟು ಕಾಲ ಮಲಗಿದ್ದೆನೋ ನನಗೇ ತಿಳಿಯದು. ಒಂದು ಮಧ್ಯಾಹ್ನ ಕಲ್ಲುಕೋರೆಯವರು ಮದ್ದಿಟ್ಟು ಸಿಡಿಸಿದರು, ನಾನು ಬೇರೆಯಾಗಿ ಉರುಳಿ ಬಿದ್ದೆ. ಅದನ್ನೇ ಹುಟ್ಟು ಎಂದು ಇಟ್ಟುಕೊಳ್ಳಿ. ಜೊತೆಗೆ ಬಿದ್ದ ಸಣ್ಣ ಕಲ್ಲುಗಳನ್ನೆಲ್ಲ ಜಲ್ಲಿ ಮಾಡಲು ಕಳಿಸಿದರು. ನನ್ನನ್ನು ಲಾರಿಗೆ ಏರಿಸಿ, "ಇದು ಕಡಲಿಗೆ ತಡೆ ಹಾಕುವ ಕಲ್ಲು" ಎಂದರು. ಆಗ ನನಗೆ ಬಂದ ಜಂಬ ಹೇಳತೀರದು!

ನನ್ನನ್ನು ಇಳಿಸಿದ್ದು ಕುಂದಾಪುರದ ಕಡೆಯ ಕಿರುಹೊಯ್ಗೆ ಎಂಬ ಮೀನುಗಾರರ ಊರಿನಲ್ಲಿ. ಮೊದಲೆಲ್ಲ ಮಳೆಗಾಲದಲ್ಲಷ್ಟೇ ಮುನಿಯುತ್ತಿದ್ದ ಕಡಲು ಈಚೆಗೆ ವೇಳೆಕಾಲ ನೋಡದೆ ಏರಿ ಬರುತ್ತಿತ್ತಂತೆ. ಆ ಊರಿನವರು ಕೈರಂಪಣಿಯವರು. ದೋಣಿಯಲ್ಲಿ ಹೋಗಿ ಕಡಲಿಗೆ ದೊಡ್ಡ ಬಲೆ ಬಿಟ್ಟು ಬರುತ್ತಾರೆ. ಆಮೇಲೆ ಊರಿಗೆ ಊರೇ ದಡದಲ್ಲಿ ನಿಂತು ಹಗ್ಗ ಹಿಡಿದು ಎಳೆಯುತ್ತದೆ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನ ಪಾಲು. ದಾರಿಹೋಕ ಬಂದು ಹಿಡಿದರೂ ಅವನಿಗೊಂದು ಪಾಲು ಇದ್ದೇ ಇದೆ.

ಬಲೆಯ ಯಜಮಾನ ಶೀನ ಮರಕಾಲ. ಗೋಡೆ ಕಟ್ಟಲು ಬಂದ ಎಂಜಿನಿಯರಿಗೆ ಅವನು ಕೈಮುಗಿದು ಹೇಳಿದ: "ದೋಣಿ ಇಳ್ಸುಕೆ ಒಂಚೂರ್ ಜಾಗ ಬಿಡ್ಕ್ ಸಾರ್. ದೋಣಿ ಇಳೀದಿದ್ರೆ ಈ ಕಡ್ಲ್ ಕಟ್ಕಂಡ್ ನಾವ್ ಎಂತ ಮಾಡುದ್?"

"ಸಂದು ಬಿಟ್ಟರೆ ನೀರು ಅಲ್ಲೇ ನುಗ್ಗುತ್ತದೆ, ನೋಡಿ" ಎಂದರು ಅವರು. ಊರು ಕೇಳಲಿಲ್ಲ. ಅಜ್ಜನ ಕಾಲದಿಂದ ದೋಣಿ ಇಳಿಯುತ್ತಿದ್ದ ಜಾಗದಲ್ಲೇ ಹತ್ತು ಮಾರು ಸಂದು ಬಿಟ್ಟರು. ಅದರ ಅಂಚಿಗೆ, ಮೂಲೆಕಲ್ಲಾಗಿ, ನಾನು ಕೂತೆ.

ಸಂದಿಯ ನೇರಕ್ಕೇ ಶೀನನ ಅಕ್ಕ ಅಕ್ಕಣಿಯ ಮನೆ. ಗಂಡ ಕಡಲಿಗೆ ಹೋದವ ಬಂದಿರಲಿಲ್ಲ. ಮನೆಯೊಂದೇ ಅವಳ ಆಸ್ತಿ. ಊರಿನ ಬಲೆ ಒಣಗುತ್ತಿದ್ದುದು ಅವಳ ಅಂಗಳದಲ್ಲೇ. ಅವಳು ನನ್ನ ಹಣೆಗೆ ಕುಂಕುಮ ಹಚ್ಚಿ, ಒಂದು ಅಬ್ಬಲಿಗೆ ಹೂ ಇಟ್ಟು, "ನನ್ ಮನಿ ಕಾಯ್ಕ್ ಮಾರಾಯ" ಅಂದಳು. ಬಿಡು, ನಾನಿದ್ದೇನಲ್ಲ ಎಂದುಕೊಂಡೆ ನಾನು. ಕಡಲಿನ ಮುನಿಸನ್ನು ಅದುವರೆಗೆ ಕಂಡೇ ಇರಲಿಲ್ಲ, ಅದಕ್ಕೇ ಅಷ್ಟು ಧೈರ್ಯ.

ಆಷಾಢದಲ್ಲಿ ಕಂಡೆ. ಗೋಡೆಗೆ ಬಡಿದ ತೆರೆ ವಾಪಸು ಹೋಗಲಿಲ್ಲ. ಗೋಡೆಯುದ್ದಕ್ಕೂ ಜಾರಿ ಬಂದು, ನನ್ನ ಹೆಗಲು ಸಿಕ್ಕಿದ್ದೇ ತಿರುಗಿ, ಇಮ್ಮಡಿ ರಭಸದಲ್ಲಿ ಸಂದಿಗೆ ನುಗ್ಗಿತು. ತಡೆಯಲು ಬಂದವನು ನಾನು ದಾರಿ ತೋರಿಸುವವನಾಗಿದ್ದೆ. ಅಕ್ಕಣಿಯ ಎರಡು ತೆಂಗಿನಮರ ಹೋದವು, ಅರ್ಧ ಅಂಗಳ ಹೋಯಿತು. ಕಣ್ಣು ಮುಚ್ಚೋಣವೆಂದರೆ ಕಲ್ಲಿಗೆ ರೆಪ್ಪೆಯಿಲ್ಲ.

ಮಳೆ ನಿಂತ ಮೇಲೆ ಶೀನ ಬಂದ. ಅಕ್ಕನ ಮುಖ ನೋಡದೆ, ಉಳಿದ ಅಂಗಳ ನೋಡುತ್ತ ಹೇಳಿದ: "ಸಂದಿ ಮುಚ್ಸುವ ಅಕ್ಕ. ತಪ್ಪ್ ನಂದೇ."

"ಮುಚ್ರೆ ದೋಣಿ?"

ಶೀನ ದಡದಲ್ಲಿದ್ದ ದೋಣಿಯ ಕಡೆ ತಿರುಗಿದ.

"ನಲ್ವತ್ತ್ ಮನಿಯರ್ ಹಗ್ಗ ಹಿಡಿತ್ರ್. ನನ್ನೊಂದ್ ಮನಿ ಕಂಡ್ಕಂಡ್ ಅಷ್ಟ್ ಜನರ ಪಾಲ್ ಮುಚ್ಚುದಾ? ಬ್ಯಾಡ ತಮ್ಮ," ಎಂದಳು ಅಕ್ಕಣಿ. ಆಮೇಲೆ ಮನೆಯ ಗೋಡೆಯ ಮೇಲೆ ಅಂಗೈಯಿಟ್ಟು ಸುಮಾರು ಹೊತ್ತು ನಿಂತಿದ್ದಳು.

ಮರುವರ್ಷದ ಬೇಸಿಗೆಯಲ್ಲಿ, ಯಾರೂ ಎಣಿಸದ ಹೊತ್ತಿನಲ್ಲಿ, ತೂಫಾನು ಬಂತು. ಹಾಡುಹಗಲು, ಅನ್ನ ಒಲೆಯ ಮೇಲಿತ್ತು. ಅಕ್ಕಣಿ ಮೊದಲು ಹೊರಗೆಳೆದು ಹಾಕಿದ್ದು ಊರಿನ ಬಲೆಯನ್ನು, ಆಮೇಲೆ ಪಾತ್ರೆಗಳನ್ನು. ನನ್ನ ಹೆಗಲು ಸವರಿ ಹೋದ ಮೂರನೆಯ ತೆರೆಗೆ ಹಿಂದಿನ ಗೋಡೆ ಕುಸಿಯಿತು, ಸಂಜೆಯೊಳಗೆ ಅಡಿಪಾಯವೂ ಇರಲಿಲ್ಲ. ಅವಳು ರಸ್ತೆಯಾಚೆ ತಮ್ಮನ ಮನೆಯ ಚಾವಡಿ ಸೇರಿದಳು.

ಅವಳು ಬಂದು ನನಗೆ ಉಗಿದುಬಿಡಲಿ ಎಂದು ನಾನು ಕಾಯುತ್ತಿದ್ದೆ. ಅಷ್ಟು ನಾಚಿಕೆಯಾಗಿತ್ತು ನನಗೆ. ಬೈಸಿಕೊಂಡರೆ ಕೊಂಚ ಹಗುರಾದೇನು ಎಂಬ ಆಸೆಯೂ ಇತ್ತು.

ಈಗ ನಾನು ಮುದುಕ. ಬುಡದ ಮರಳು ಸರಿದು ಸೊಂಟದವರೆಗೆ ಹೂತುಹೋಗಿದ್ದೇನೆ, ಮೈತುಂಬ ಚಿಪ್ಪು ಕಚ್ಚಿಕೊಂಡಿದೆ. ಗೋಡೆಯ ಮುಂದೆ ಕಾಲೂರಲು ಮರಳೇ ಉಳಿದಿಲ್ಲ. ಇರುವುದೆಲ್ಲ ಈ ಸಂದಿಯಲ್ಲಿ, ಅಕ್ಕಣಿಯ ಮನೆಯಿದ್ದ ಜಾಗದಲ್ಲಿ. ಹೋದ ತಿಂಗಳು ಅಲ್ಲೇ ಬಲೆ ಎಳೆದರು. ಬಲೆಯ ಎರಡು ಹಗ್ಗಕ್ಕೂ ಜನ ನಿಲ್ಲಲು ಜಾಗ ಸಾಲದೆ ಶೀನ ಒಂದು ಹಗ್ಗದ ತುದಿಯನ್ನು ನನ್ನ ಸೊಂಟಕ್ಕೆ ಸುತ್ತಿದ. ನಾನು ಇದ್ದಬದ್ದ ಬಲವನ್ನೆಲ್ಲ ಹಾಕಿ ಹಿಡಿದೆ. ಬುಟ್ಟಿ ಲೆಕ್ಕದಲ್ಲಿ ಬಂಗುಡೆ ಬಂತು.

ಪಾಲು ಹಂಚುವವಳು ಅಕ್ಕಣಿ. ಎಲ್ಲರದೂ ಮುಗಿದ ಮೇಲೆ ಒಂದು ಮೀನು ಹಿಡಿದು ನನ್ನ ಹತ್ತಿರ ಬಂದಳು. ಬೈಗುಳಕ್ಕೆ ಸಿದ್ಧನಾದೆ. ಅವಳು ಅದನ್ನು ನನ್ನ ಹಣೆಯ ಮೇಲೆ, ಹಿಂದೆ ಕುಂಕುಮ ಹಚ್ಚಿದ್ದ ಜಾಗದಲ್ಲೇ ಇಟ್ಟಳು.

"ನೀನೂ ಹಗ್ಗ ಹಿಡ್ದೆ ಅಲ್ದಾ? ತಕೋ, ನಿನ್ ಪಾಲ್."

ಇಷ್ಟು ವರ್ಷ ಕಡಲ ಹೊಡೆತ ತಿಂದವನು ನಾನು. ಕಾಗೆ ಬಂದು ಕಚ್ಚಿಕೊಂಡು ಹೋಗುವವರೆಗೆ ಆ ಒಂದು ಬಂಗುಡೆಯನ್ನು ಹೊರಲಾರದೆ ಹೊತ್ತೆ.