ಪೋಸ್ಟ್ ಕಾರ್ಡ್ ದಪ್ಪದ ಸಂದು

ನಾನು ಒಂದು ರೈಲು ಹಳಿ. ಹಾಗೆಂದ ಕೂಡಲೇ ಸ್ಟೇಷನ್ನಿನ ಕಡೆ ತಿರುಗಿ ನೋಡಬೇಡಿ, ನಾನು ಅಲ್ಲಿಲ್ಲ. ನನ್ನ ಉದ್ದ ಒಂದೇ ಒಂದು ಗಜ. ನನ್ನ ಎರಡು ಕಂಬಿಗಳ ನಡುವೆ ಒಂಬತ್ತು ಮಿಲಿಮೀಟರ್ ಜಾಗ, ನಿಮ್ಮ ಕಿರುಬೆರಳು ಇಟ್ಟರೆ ಮುಗಿಯಿತು. ಹಾಗಂತ ಆಟದ ಸಾಮಾನು ಎಂದು ಕರೆದೀರಿ ಜೋಕೆ! ನನ್ನ ಮೇಲೆ ಓಡಿದ್ದು ನಿಜವಾದ ಕರೆಂಟಿನ ಇಂಜಿನ್ನು. ನಾನು ಹೊತ್ತದ್ದು ನಿಜವಾದ ಸರಕು. ಏನು ಸರಕು ಅಂತ ಆಮೇಲೆ ಹೇಳುತ್ತೇನೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಚಳಿ ಊರಿನ ಕಾರ್ಖಾನೆಯಲ್ಲಿ. ಕಪ್ಪು ಪ್ಲಾಸ್ಟಿಕ್ಕಿನ ಪುಟ್ಟ ಪುಟ್ಟ ಅಡ್ಡಪಟ್ಟಿಗಳ, ಅಂದರೆ ಸ್ಲೀಪರುಗಳ ಸಾಲಿಗೆ ಬೆಳ್ಳಿಯಂತೆ ಹೊಳೆಯುವ ಎರಡು ಕಂಬಿ ತೂರಿಸಿದರು, ಅಷ್ಟೇ, ನಾನಾದೆ. ನನ್ನ ಜೊತೆ ಹುಟ್ಟಿದವರಲ್ಲಿ ಎರಡು ಜಾತಿ. ಒಂದು ಜಾತಿಯವರು ಹುಟ್ಟಿನಿಂದಲೇ ನೆಟ್ಟಗಿರುವವರು ಅಥವಾ ಹುಟ್ಟಿನಿಂದಲೇ ಬಾಗಿದವರು. ಸಾಯುವತನಕ ಅವರು ಹಾಗೇ. ನಾನು ಇನ್ನೊಂದು ಜಾತಿ. ಬೇಕಾದ ಹಾಗೆ ಬಾಗುತ್ತೇನೆ. ಸ್ವಲ್ಪ ಜಂಬ ಅನ್ನಿಸಿದರೆ ಅನ್ನಿಸಲಿ ಬಿಡಿ, ಇರುವುದನ್ನೇ ಹೇಳುತ್ತಿದ್ದೇನೆ.

ಬೆಂಗಳೂರಿನ ಒಂದು ಪುಟಾಣಿ ರೈಲುಗಳ ಅಂಗಡಿಯ ಮೂಲೆಯಲ್ಲಿ ಎರಡು ವರ್ಷ ಬಿದ್ದಿದ್ದೆ. ಬಂದವರೆಲ್ಲ ನನ್ನ ಎರಡರಷ್ಟು ಅಗಲದ ದೊಡ್ಡ ಹಳಿಗಳನ್ನೇ ಕೊಳ್ಳುತ್ತಿದ್ದರು. ಒಂದು ದಿನ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಟೇಪು, ಚೀಲದಲ್ಲಿ ಒಂದು ಕಾಗದದ ನಕ್ಷೆ. ರೈಲು ಓಡಿಸಲು ಅವರು ಮಾಡಿಸಿಟ್ಟಿದ್ದ ಹಲಗೆ ಐದು ಅಡಿ ಉದ್ದ, ಮೂರು ಅಡಿ ಅಗಲ. ದೊಡ್ಡ ಹಳಿ ಅದರಲ್ಲಿ ಸುತ್ತು ಹೊಡೆಯಬೇಕೆಂದರೆ ಅಂಚಿನಿಂದ ಕೆಳಗೆ ಬೀಳುತ್ತದೆ. ಹಾಗಾಗಿ ನನ್ನ ಅಳತೆಯವರೇ ಬೇಕಾಯಿತು.

“ರೆಡಿ ತುಂಡು ತಗೊಳ್ಳಿ ಮೇಡಂ. ಜೋಡಿಸಿದ್ರೆ ಆಯ್ತು, ತಲೆನೋವಿಲ್ಲ,” ಎಂದ ಅಂಗಡಿಯವನು.

“ಎಲ್ಲಾ ತಿರುವೂ ಒಂದೇ ಥರ ಇರುತ್ತೆ ಕಣ್ರೀ ಅದ್ರಲ್ಲಿ. ನನಗೆ ನನ್ನಿಷ್ಟದ ತಿರುವು ಬೇಕು,” ಎಂದರು ಅವರು. ಚೀಲದಿಂದ ಉದ್ದ ಹಿಡಿಯ ಒಂದು ಪುಟಾಣಿ ಕನ್ನಡಿ ತೆಗೆದು ನನ್ನ ಸ್ಲೀಪರುಗಳ ಅಡಿಯೆಲ್ಲ ನೋಡಿದರು. ನನಗೆ ಕಚಗುಳಿಯಾಯಿತು. ಅದು ಹಲ್ಲು ನೋಡುವ ಕನ್ನಡಿ ಅಂತ ಆಮೇಲೆ ಗೊತ್ತಾದದ್ದು.

ಅವರು ಡಾಕ್ಟರ್ ಮಂದಾಕಿನಿ, ಅರಸೀಕೆರೆಯ ಹಲ್ಲಿನ ಡಾಕ್ಟರು. ನಾನು ಬಾಗಬಾರದೆಂದು ನೀರಿನ ಪೈಪಿನ ತುಂಡಿನೊಳಗೆ ನನ್ನನ್ನೂ ನನ್ನ ಮೂವರು ಒಡಹುಟ್ಟಿದವರನ್ನೂ ಇಟ್ಟು ರೈಲಿನಲ್ಲಿ ತಂದರು. ಎದುರು ಕೂತಿದ್ದ ಹೆಂಗಸು “ಮನೆ ಕಟ್ಟಿಸ್ತಿದೀರಾ?” ಎಂದು ಕೇಳಿದರೆ, ನಮ್ಮ ಡಾಕ್ಟರು “ಇಲ್ಲ, ರೈಲ್ವೆ ಲೈನ್ ಹಾಕಿಸ್ತಿದೀನಿ,” ಅಂದರು. ಆ ಹೆಂಗಸು ತಮ್ಮ ಚೀಲವನ್ನು ಚೂರು ಹತ್ತಿರಕ್ಕೆ ಎಳೆದುಕೊಂಡರು.

ಕ್ಲಿನಿಕ್ಕಿನ ಮೇಲೆ ಶೀಟು ಹೊದೆಸಿದ ಒಂದು ಕೋಣೆ. ಅಲ್ಲೇ ಹಲಗೆ. ಡಾಕ್ಟರು ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ಮೇಲೆ ಬರುವರು. ನಾನು ಬಾಗುವಾಗ ಒಳಗಿನ ಕಂಬಿ ತುದಿಯಲ್ಲಿ ಚೂರು ಮುಂದೆ ಚಾಚಿಕೊಳ್ಳುತ್ತದೆ. ಅದನ್ನು ಕತ್ತರಿಸಬೇಕು. ಅವರು ಹಲ್ಲು ಕೊರೆಯುವ ಯಂತ್ರಕ್ಕೆ ತೆಳು ಚಕ್ರ ಸಿಕ್ಕಿಸಿ ಜುಂಯ್ ಅನ್ನಿಸಿದಾಗ ನನ್ನ ಜೀವವೇ ಹೋಯಿತು ಅಂದುಕೊಂಡೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದಿತ್ತು. ನೋವಿರಲಿ, ಬಿಸಿ ಕೂಡ ತಾಗಲಿಲ್ಲ. ಕೈ ಎಂದರೆ ಅದು ಕೈ.

ಆದರೆ ಕೈ ಚೆನ್ನಾಗಿದ್ದ ಮಾತ್ರಕ್ಕೆ ಹಳಿ ಹಾಕಲು ಬರುತ್ತದೆಯೇ? ಅವರು ನನ್ನನ್ನು ಒಂದೇ ಸಲಕ್ಕೆ ಗಕ್ಕನೆ ಬಾಗಿಸಿದರು. ಮೇಲಾಗಿ ನನಗೂ ಪಕ್ಕದವನಿಗೂ ಜೋಡಣೆ ಬಂದದ್ದು ತಿರುವಿನ ನಟ್ಟನಡುವೆ. ಇಂಜಿನ್ನು ಬಂದಾಗಲೆಲ್ಲ ಅಲ್ಲಿ ಮೊಣಕಾಲೂರಿ ಬೀಳುತ್ತಿತ್ತು. ಬೈಗುಳ ಮಾತ್ರ ನನಗೆ.

ಆಗ ಬಂದರು ಕಲ್ಲೇಶಪ್ಪ. ರಿಟೈರಾದ ಕೀಮನ್. ಕೀಮನ್ ಅಂದರೆ ಹೆಗಲ ಮೇಲೆ ಸುತ್ತಿಗೆ ಹೊತ್ತು ದಿನವೂ ತನ್ನ ಪಾಲಿನ ಹಳಿಯುದ್ದಕ್ಕೆ ನಡೆದು, ಸಡಿಲವಾದದ್ದನ್ನು ಬಡಿದು ಬಿಗಿ ಮಾಡುವವರು. ಮೂವತ್ತೊಂದು ವರ್ಷ ನಡೆದಿದ್ದರಂತೆ. ಬೆಳಗಿನ ಕೊನೆಯ ರೋಗಿಯಾಗಿ ಹಲ್ಲು ಕೀಳಿಸಿಕೊಂಡು, ಕೆಳಗೆ ಹತ್ತಿ ಕಚ್ಚಿ ಕೂತಿದ್ದವರಿಗೆ ಮೇಲಿಂದ ಇಂಜಿನ್ನು ಬಿದ್ದ ಸದ್ದು ಕೇಳಿತು. ಸೀದಾ ಮೆಟ್ಟಿಲು ಹತ್ತಿ ಬಂದರು. ಹಲಗೆಗೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ, ನನ್ನ ಉದ್ದಕ್ಕೂ ನೋಡಿದರು. ನನ್ನನ್ನು ಹಾಗೆ ನೋಡಿದವರು ಅವರೇ ಮೊದಲು.

ಬಾಯಲ್ಲಿ ಹತ್ತಿ ಇದ್ದಂತೆಯೇ ಹೇಳಿದರು: “ಡಾಕ್ಟ್ರಮ್ಮ, ಈ ಕಂಬಿ ಸೊಂಟ ಮುರ್ದಿದೀರಲ್ಲ!”

ಅಬ್ಬ, ಕೊನೆಗೂ ನನ್ನ ಕಷ್ಟ ಕೇಳುವವರು ಒಬ್ಬರು ಸಿಕ್ಕಿದರು.

ಅಂದಿನಿಂದ ಅವರು ದಿನಾ ಬರತೊಡಗಿದರು. ಬಂದಾಗಲೆಲ್ಲ ಅಕ್ಕನದೇ ಮಾತು. ಅಕ್ಕ ಅಂದರೆ ಚನ್ನಬಸಮ್ಮ, ಎಪ್ಪತ್ತೆಂಟು ವರ್ಷ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಸಾಕಿದವರು. ತಮ್ಮ ಕೆಲಸದಲ್ಲಿದ್ದಾಗ ರೈಲ್ವೆ ಗೇಟಿನ ಹತ್ತಿರಕ್ಕೆ ಬುತ್ತಿ ತರುತ್ತಿದ್ದವರು. ಊಟವಾದ ಮೇಲೆ ಇಬ್ಬರೂ ಜಲ್ಲಿ ರಾಶಿಯ ಮೇಲೆ ಕೂತು ಹುರಿದ ಕಡಲೆಬೀಜ ತಿನ್ನುತ್ತಿದ್ದರಂತೆ. ಈಗ ಅಕ್ಕನಿಗೆ ಒಂದು ಹಲ್ಲೂ ಇಲ್ಲ. ಎರಡು ವರ್ಷದಿಂದ ಅಂಬಲಿ, ನೆನೆಸಿದ ಅವಲಕ್ಕಿ, ಅಷ್ಟೇ. ರವಿಕೆಯ ತೋಳು ಜೋಲುವಷ್ಟು ಬಡವಾಗಿದ್ದಾರೆ. ಹಲ್ಲಿನ ಸೆಟ್ಟು ಕಟ್ಟಿಸೋಣ ಅಂದರೆ ಸುತರಾಂ ಒಪ್ಪುವುದಿಲ್ಲ.

“ನಾನೂ ಕಡ್ಲೆಬೀಜ ಬಿಟ್ಬಿಟ್ಟೆ ಡಾಕ್ಟ್ರಮ್ಮ. ಅವಳು ನೋಡ್ತಾ ಕೂತಿರ್ಬೇಕಾದ್ರೆ ನನ್ನ ಗಂಟಲಲ್ಲಿ ಇಳಿಯಲ್ಲ,” ಎಂದರು ಕಲ್ಲೇಶಪ್ಪ.

“ಒಂದ್ಸಲ ಕರ್ಕೊಂಡು ಬನ್ನಿ, ರೈಲು ತೋರಿಸೋಣ,” ಎಂದರು ಡಾಕ್ಟರು.

ಕರೆತಂದರು. ಚನ್ನಬಸಮ್ಮ ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಕುರ್ಚಿಯಲ್ಲಿ ಕೂತು, “ಎಲ್ಲಿ, ಬಿಡ್ರಿ ನಿಮ್ಮ ಗಾಡೀನ,” ಎಂದರು. ಬಿಟ್ಟರು. ಮೊದಲ ಸುತ್ತಿಗೇ ಬಿತ್ತು. ಎತ್ತಿಟ್ಟರು, ಬಿತ್ತು. ಮೂರನೆಯ ಸಲವೂ ಬಿತ್ತು. ಮುದುಕಿ ಬೊಚ್ಚುಬಾಯಿ ತುಂಬ ನಕ್ಕರು.

“ಅಲ್ಲ ಕಣವ್ವ, ಅಂಗೈಯಷ್ಟು ರೈಲನ್ನ ಹಳಿ ಮೇಲೆ ನಿಲ್ಲಿಸಕ್ಕಾಗದೋರು ನನ್ನ ಬಾಯಲ್ಲಿ ಹಲ್ಲು ನಿಲ್ಲಿಸ್ತೀರಾ?”

ಡಾಕ್ಟರ ಮುಖ ಕೆಂಪಾಯಿತು. ಚನ್ನಬಸಮ್ಮ ಏಳುತ್ತ ಷರತ್ತು ಹಾಕಿದರು: “ಯುಗಾದಿಗೆ ಬರ್ತೀನಿ. ಬೀಳದಂಗೆ ಹತ್ತು ಸುತ್ತು ಬರ್ಲಿ, ಆಗ ಬಾಯಿ ತೆಗೀತೀನಿ. ಇಲ್ಲಾಂದ್ರೆ ಲೋ ಕಲ್ಲೇಶ, ಹಲ್ಲಿನ ಸುದ್ದಿ ನನ್ನ ಹತ್ರ ಎತ್ಕೂಡದು.”

ಇನ್ನೂ ಪುಷ್ಯ ಮಾಸದ ಚಳಿ. ಮಾರನೆಯ ದಿನವೇ ಕಲ್ಲೇಶಪ್ಪ ನಮ್ಮನ್ನೆಲ್ಲ ಕಿತ್ತರು. ಮೊದಲು ಇಬ್ಬರನ್ನು ನೆಟ್ಟಗಿರುವಾಗಲೇ ಜೋಡಿಸಿ, ಆಮೇಲೆ ಮೆಲ್ಲಗೆ, ಸೀರೆಯ ಸೆರಗು ಸರಿಮಾಡುವಷ್ಟು ಮೆಲ್ಲಗೆ ಬಾಗಿಸಿದರು. ಜೋಡಣೆಗಳನ್ನು ತಿರುವಿನಿಂದ ಆಚೆ ತಂದರು. ಟೀ ಸೋಸುವ ಜರಡಿಯಲ್ಲಿ ಕಲ್ಲಿನ ಪುಡಿ ಸೋಸಿ ಸ್ಲೀಪರುಗಳ ನಡುವೆ ಜಲ್ಲಿ ಹಾಕಿ ಗೋಂದಿನಿಂದ ಅಂಟಿಸಿದರು. ಮುಖ್ಯವಾದದ್ದು ಇನ್ನೊಂದು: ಪ್ರತಿ ಜೋಡಣೆಯಲ್ಲೂ ಕಂಬಿಗಳ ನಡುವೆ ಒಂದು ಪೋಸ್ಟ್ ಕಾರ್ಡು ತೂರಿಸಿ, ಅದರ ದಪ್ಪದಷ್ಟು ಸಂದು ಬಿಟ್ಟರು. “ಬಿಸಿಲಿಗೆ ಕಂಬಿ ಬೆಳೀತದೆ ಡಾಕ್ಟ್ರಮ್ಮ. ಉಸಿರಾಡಕ್ಕೆ ಜಾಗ ಬೇಕು,” ಎಂದರು.

ಇಂಜಿನ್ನು ಓಡಿತು ನೋಡಿ! ಕಟಕ್ ಕಟಕ್, ಕಟಕ್ ಕಟಕ್. ಆ ಸದ್ದಿಗೆ ಕಲ್ಲೇಶಪ್ಪನವರ ಮುಖ ಇಷ್ಟಗಲವಾಯಿತು. ನನಗಂತೂ ಹಬ್ಬ. ಹತ್ತಲ್ಲ, ನಲವತ್ತು ಸುತ್ತು ಬಂದರೂ ಬೀಳಲಿಲ್ಲ.

ಅಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಹಬ್ಬಕ್ಕೆ ಇಪ್ಪತ್ತು ದಿನ ಇದೆ ಅನ್ನುವಾಗ ಕಲ್ಲೇಶಪ್ಪನವರಿಗೆ ಕಣ್ಣಿನ ಪೊರೆಯ ಆಪರೇಷನ್ನಾಯಿತು, ಮನೆಯಲ್ಲೇ ಉಳಿದರು. ಡಾಕ್ಟರು ಒಬ್ಬರೇ ದಿನಾ ಬಂದು ನನ್ನ ಸಂದುಗಳನ್ನು ನೋಡುವರು, ನಾಲಿಗೆ ಲೊಚಗುಟ್ಟುವರು. ಇಪ್ಪತ್ತೈದು ವರ್ಷ ಜನರ ಬಾಯಲ್ಲಿ ಸಂದು ಕಂಡಲ್ಲೆಲ್ಲ ತುಂಬಿಸಿದ ಕೈ ಅದು. ಸುಮ್ಮನಿರುವುದು ಹೇಗೆ? ಒಂದು ಮಧ್ಯಾಹ್ನ ಬೆಸುಗೆ ಹಾಕುವ ಕಡ್ಡಿ ಹಿಡಿದು ಕೂತರು. ಒಂದೊಂದೇ ಸಂದು ತುಂಬಿಸಿ, ಉಜ್ಜಿ, ಪಾಲಿಶ್ ಮಾಡಿ, ಕನ್ನಡಿ ಹಿಡಿದು ನೋಡಿ, “ಆಹಾ!” ಎಂದರು. ಬೇಡ ತಾಯಿ, ಬೇಡ, ಎಂದು ನಾನು ಒಳಗೊಳಗೇ ಕೂಗಿದೆ. ಹಳಿಯ ಕೂಗು ಯಾರಿಗೆ ಕೇಳುತ್ತದೆ!

ಯುಗಾದಿ ಬಂತು. ಹೋಳಿಗೆ ಊಟ ಮುಗಿದ ಹೊತ್ತು. ತಲೆಯ ಮೇಲೆ ಶೀಟು ಕಾದ ಹೆಂಚಾಗಿತ್ತು. ಚನ್ನಬಸಮ್ಮ ಹೊಸ ಸೀರೆಯುಟ್ಟು ಬಂದು ಕುರ್ಚಿಯಲ್ಲಿ ಕೂತರು. ಅವರು ಹೋಳಿಗೆಯನ್ನು ಹಾಲಿನಲ್ಲಿ ಕಿವುಚಿ ಕುಡಿದು ಬಂದಿದ್ದರಂತೆ. ಕರಿ ಕನ್ನಡಕದ ಕಲ್ಲೇಶಪ್ಪ ಪಕ್ಕದಲ್ಲಿ ನಿಂತರು. ಗಾಡಿ ಹೊರಟಿತು.

“ಒಂದು,” ಎಂದರು ಚನ್ನಬಸಮ್ಮ.

ಕಲ್ಲೇಶಪ್ಪ ಕಿವಿಯನ್ನು ವಾರೆ ಮಾಡಿದರು. “ಏನೋ ಕಮ್ಮಿ ಅನ್ನಿಸ್ತದಲ್ಲ,” ಎಂದು ಗೊಣಗಿದರು. ನನ್ನ ಕಟಕ್ ಸದ್ದೇ ಇರಲಿಲ್ಲ. ನಾನು ಬೆಳೆಯುತ್ತಿದ್ದೆ. ಎರಡೂ ತುದಿ ಭದ್ರ, ಹೋಗಲು ಎಲ್ಲೂ ಜಾಗವಿಲ್ಲ. ತಡೆದುಕೊಂಡೆ. ನಾಲ್ಕು ಅಂದರು, ಐದು ಅಂದರು, ಆರು ಅಂದರು. ಕಡಲೆಬೀಜ ಬಿಟ್ಟ ಆ ತಮ್ಮನ ಮುಖ ನೋಡಿ ಇನ್ನೊಂದು ಚೂರು ತಡೆದುಕೊಂಡೆ. ಏಳನೆಯ ಸುತ್ತಿಗೆ ಆಗಲಿಲ್ಲ. ಗೋಂದು ಕಿತ್ತು ಟಪ್ ಎಂದು ಮೇಲೆದ್ದೆ. ಇಂಜಿನ್ನು, ಮೂರು ಡಬ್ಬಿ, ಎಲ್ಲ ಮಗುಚಿಕೊಂಡವು. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಕಾರ್ಖಾನೆಗೆ ವಾಪಸು ಹೋಗಿ ಕರಗಿಬಿಡೋಣ ಅನ್ನಿಸಿತು.

ಚನ್ನಬಸಮ್ಮ ಈ ಸಲ ನಗಲಿಲ್ಲ. ಎದ್ದು ಹೋಗಲು ಊರುಗೋಲಿಗೆ ಕೈ ಹಾಕಿದರು. ಕಲ್ಲೇಶಪ್ಪ ಬಗ್ಗಬಾರದೆಂದು ಕಣ್ಣಿನ ಡಾಕ್ಟರು ಹೇಳಿದ್ದನ್ನೂ ಮರೆತು ಬಗ್ಗಿ, ಜೋಡಣೆಯ ಮೇಲೆ ಉಗುರು ಎಳೆದರು. ನುಣ್ಣಗಿತ್ತು.

“ಡಾಕ್ಟ್ರಮ್ಮ, ಸಂದು ಎಲ್ಲಿ?”

“ತುಂಬಿಸ್ದೆ,” ಎಂದರು ಡಾಕ್ಟರು ಮೆಲ್ಲಗೆ.

“ಅಯ್ಯೋ, ಇದು ಹಲ್ಲಲ್ಲ ತಾಯಿ!”

ಡಾಕ್ಟರು ನಾಲಿಗೆ ಕಚ್ಚಿಕೊಂಡರು. ಆಮೇಲೆ ನೇರ ಚನ್ನಬಸಮ್ಮನವರ ಕಡೆ ತಿರುಗಿ, “ಅಮ್ಮ, ನಿಮ್ಮ ತಮ್ಮಂದು ತಪ್ಪಿಲ್ಲ. ನನ್ನದೇ ತಪ್ಪು. ಕಾಲು ಗಂಟೆ ಕೂತ್ಕೊಳ್ಳಿ, ಸರಿ ಮಾಡ್ತೀನಿ,” ಎಂದು ಯಂತ್ರ ತಂದರು. ಜುಂಯ್ ಸದ್ದಿಗೆ ಚನ್ನಬಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದನ್ನು ನಾನು ಕೆಳಗಿನಿಂದ ನೋಡಿದೆ. ಆದರೂ ಕಣ್ಣು ಕೀಳಲಿಲ್ಲ. ಡಾಕ್ಟರ ಕೈ ಒಂದು ಕೂದಲಷ್ಟೂ ಅಲುಗಲಿಲ್ಲ. ಸಂದು ಬಿದ್ದ ಕೂಡಲೇ ನಾನು ಉಸ್ಸೆಂದು ಇಳಿದು, ನನ್ನ ಜಾಗದಲ್ಲಿ ತೆಪ್ಪಗೆ ಮಲಗಿದೆ.

“ಪಕ್ಕದಲ್ಲೇ ಪ್ಲಾಸ್ಟಿಕ್ಕಿದೆ. ಒಂದು ಗೀರೂ ಆಗಿಲ್ವಲ್ಲ,” ಎಂದರು ಚನ್ನಬಸಮ್ಮ. ಆಮೇಲೆ ಯಂತ್ರದ ಕಡೆ ಬೆರಳು ತೋರಿಸಿ, “ನನ್ನ ಬಾಯಿಗೂ ಅದನ್ನೇ ಹಾಕೋದಾ?” ಎಂದು ಕೇಳಿದರು.

ಆಗ ಎಲ್ಲರಿಗೂ ತಿಳಿಯಿತು. ಮುದುಕಿಯ ಹಠವೆಲ್ಲ ಈ ಜುಂಯ್ ಸದ್ದಿನ ಭಯ.

“ಇಲ್ಲಮ್ಮ. ನಿಮಗೆ ಕೊರೆಯೋದು ಏನೂ ಇಲ್ಲ. ಮೆತ್ತಗಿನ ಹಿಟ್ಟು ಬಾಯಲ್ಲಿಟ್ಟು ಅಚ್ಚು ತೆಗೀತೀನಿ, ಅಷ್ಟೇ.”

“ಎರಡು ವರ್ಷದಿಂದ ಇದನ್ನ ಯಾಕೋ ಹೇಳ್ಲಿಲ್ಲ, ಮುಂಡೇದೆ?” ಎಂದು ಅಕ್ಕ ತಮ್ಮನಿಗೆ ಗದರಿದರು.

“ನೀನು ಹೆದರ್ತೀಯ ಅಂತ ನನಗೇನು ಗೊತ್ತು? ನೀನು ಯಾವತ್ತು ಏನಕ್ಕೆ ಹೆದರಿದ್ದೆ!”

ಗಾಡಿ ಮತ್ತೆ ಹೊರಟಿತು. ಚನ್ನಬಸಮ್ಮ ಒಂದರಿಂದಲೇ ಎಣಿಸಿದರು, ರಿಯಾಯಿತಿ ಕೊಡಲಿಲ್ಲ. ಕಟಕ್ ಕಟಕ್. ಎಂಟು. ಒಂಬತ್ತು. ಹತ್ತು ಎಂದವರೇ ತಲೆ ಹಿಂದಕ್ಕೆ ಚೆಲ್ಲಿ, ಅಲ್ಲೇ ಕುರ್ಚಿಯಲ್ಲೇ ಆ ಎಂದು ಬಾಯಿ ತೆರೆದರು. ಕೆಳಗೆ ಕರೆದೊಯ್ಯಲು ಡಾಕ್ಟರು ಕೈಹಿಡಿದು ಎಬ್ಬಿಸಬೇಕಾಯಿತು.

ಒಂದು ತಿಂಗಳ ಮೇಲೆ ಚನ್ನಬಸಮ್ಮ ಹೊಸ ಹಲ್ಲು ಕಟ್ಟಿಸಿಕೊಂಡು ಮೇಲೆ ಬಂದರು. ಅಂದು ಕಲ್ಲೇಶಪ್ಪ ನನ್ನ ಮೇಲಿನ ಮೂರು ಡಬ್ಬಿಗಳಲ್ಲಿ ಮೂರು ಹುರಿದ ಕಡಲೆಬೀಜ ಇಟ್ಟು ಗಾಡಿ ಬಿಟ್ಟರು. ಇದೇ ನಾನು ಹೇಳಿದ ಸರಕು. ಗಾಡಿ ಅಕ್ಕನ ಮುಂದೆ ನಿಂತಿತು. ಅವರು ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡರು.

ಕಟುಂ.

“ಇನ್ನೂ ಸ್ವಲ್ಪ ಹುರೀಬೇಕಿತ್ತು,” ಎಂದರು ಚನ್ನಬಸಮ್ಮ. ಕಲ್ಲೇಶಪ್ಪ ನಗುತ್ತ ನಗುತ್ತಲೇ ಅತ್ತುಬಿಟ್ಟರು. ಎರಡನೆಯ ಬೀಜ ಅವರು ತಿಂದರು, ಮೂರನೆಯದು ಡಾಕ್ಟರು.

ಇದೆಲ್ಲ ಆಗಿ ಐದು ವರ್ಷ. ಡಾಕ್ಟರು ಕ್ಲಿನಿಕ್ಕನ್ನು ಬೇರೆ ಕಟ್ಟಡಕ್ಕೆ ಒಯ್ದರು. ಅಲ್ಲಿ ದೊಡ್ಡ ಕೋಣೆಯಿದೆ, ಹೊಸ ಹಳಿಗಳಿವೆ, ಎಲ್ಲದರಲ್ಲೂ ಸಂದು ಬಿಟ್ಟಿದ್ದಾರಂತೆ. ಹಳೆಯದರಲ್ಲಿ ನಿಮಗೇನು ಬೇಕು ಎಂದು ಕೇಳಿದಾಗ ಕಲ್ಲೇಶಪ್ಪ ನನ್ನನ್ನು ಕೇಳಿ ಪಡೆದರು, ಒಂದು ಡಬ್ಬಿಯ ಜೊತೆಗೆ. ಈಗ ಅವರ ಮನೆಯ ಕಿಟಕಿಯ ಹಲಗೆಯ ಮೇಲೆ, ಅಕ್ಕನ ಮಂಚದ ಪಕ್ಕದಲ್ಲಿದ್ದೇನೆ. ಬಣ್ಣ ಮಾಸಿದೆ. ಕರೆಂಟು ಹರಿದು ಎಷ್ಟೋ ಕಾಲವಾಯಿತು.

ಬೇಸರವೇ? ಛೆ, ಪುರುಸೊತ್ತೆಲ್ಲಿದೆ! ಬೆಳಗಿನ ಕಾಫಿಯಾದ ಮೇಲೆ ಕಲ್ಲೇಶಪ್ಪ ನನ್ನ ಈ ತುದಿಯಲ್ಲಿ ಕೂತು ಡಬ್ಬಿಗೆ ಒಂದು ಕಡಲೆಬೀಜ ಇಟ್ಟು ಬೆರಳಿನಿಂದ ನೂಕುತ್ತಾರೆ. ಆ ತುದಿಯಲ್ಲಿ ಅಕ್ಕ ತೆಗೆದುಕೊಂಡು, ಕಟುಂ ಅನ್ನಿಸಿ, ಖಾಲಿ ಡಬ್ಬಿ ವಾಪಸು ನೂಕುತ್ತಾರೆ. ಎಣಿಕೆ ಅವರದೇ. ಹತ್ತು ಆಗುವವರೆಗೆ ತಮ್ಮ ಏಳುವ ಹಾಗಿಲ್ಲ. ಇಲ್ಲಿಯವರೆಗೆ ಒಂದೇ ಒಂದು ಬೀಜವನ್ನೂ ನಾನು ಕೆಳಗೆ ಬೀಳಿಸಿಲ್ಲ.