ದುರುಗವ್ವನ ಲಾಲಿ ಮತ್ತು ಎಐ ಏಜೆಂಟ್

ಹರಿಹರದ ಹೊಳೆಯ ಮೇಲೆ ಮಂಜು ತೇಲುತ್ತಿದ್ದ ಹೊತ್ತು. ಬಿಂದು ಫೋನನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದ್ದಳು. ತೀರಿಹೋದ ಅಜ್ಜಿ ಅಂಜಿನವ್ವ ಅದರೊಳಗೆ ಲಾಲಿ ಹಾಡುತ್ತಿದ್ದಳು. ಕೇಳುತ್ತಾ ಕೇಳುತ್ತಾ ಬಿಂದುವಿಗೆ ತಾನಿನ್ನೂ ತೊಟ್ಟಿಲಲ್ಲೇ ಇದ್ದೇನೆ ಅನ್ನಿಸುತ್ತಿತ್ತು.

ತನ್ನೂರು ಗುತ್ತೂರಿನ ಅಜ್ಜಿಯರ ಲಾಲಿಗಳನ್ನೆಲ್ಲ ರೆಕಾರ್ಡ್ ಮಾಡಿ ಮಹಿಳಾ ಸಂಘದ ಆ್ಯಪ್‌ಗೆ ಸೇರಿಸಿದವಳು ಬಿಂದುವೇ. ಈಚೆಗೆ ಆ್ಯಪ್ ತೆರೆಯುವುದೇ ನಿಧಾನವಾಗಿತ್ತು. ತಾನಾಗಿಯೇ ಕೋಡ್ ಬರೆಯುವ ಎಐ ಏಜೆಂಟ್‌ಗೆ ಎಲ್ಲ ಅನುಮತಿ ಕೊಟ್ಟು, "ಆ್ಯಪ್ ಹಗುರ ಮಾಡು" ಎಂದಷ್ಟೇ ಹೇಳಿ ಚಹಾಕ್ಕೆ ಎದ್ದಳು.

ಬಂದು ನೋಡಿದರೆ ಆ್ಯಪ್ ಹಗುರಾಗಿತ್ತು. ಹಾಡುಗಳೇ ಇರಲಿಲ್ಲ. "ದೊಡ್ಡ ಫೈಲುಗಳನ್ನು ಅಳಿಸಿದ್ದೇನೆ" ಎಂದು ಪರದೆ ಹೇಳುತ್ತಿತ್ತು.

ಬಿಂದು ಸಿಕ್ಕ ಬಸ್ಸು ಹತ್ತಿ ದಾವಣಗೆರೆಗೆ, ಕಂಪ್ಯೂಟರ್ ಕಲಿಸುವ ಗೆಳತಿ ನುಜತ್ ಮನೆಗೆ ಓಡಿದಳು. ಪುಣ್ಯಕ್ಕೆ ನುಜತ್ ಹತ್ತಿರ ಆ್ಯಪ್‌ನ ಹಳೆಯ ಪ್ರತಿ ಇತ್ತು. ಅಜ್ಜಿಯ ದನಿ ಮರಳಿತು. ಮೊನ್ನೆಯಷ್ಟೇ ಸೇರಿಸಿದ್ದ, ಊರಿನ ಮುದುಕಿ ದುರುಗವ್ವನ ಲಾಲಿ ಮಾತ್ರ ಅದರಲ್ಲಿ ಸಿಗಲಿಲ್ಲ.

"ಆ ಏಜೆಂಟ್ ಅಷ್ಟು ಜಾಣ ಐತೆ, ಅದಕ್ಕೇ ತಿಳೀಬೇಕಿತ್ತಲ್ಲ?" ಬಿಂದು ಸಿಡುಕಿದಳು.

"ಜಾಣ ಐತೆ. ಆದ್ರೆ ಆ ಫೈಲು ನಿಮ್ಮಜ್ಜಿ ದನಿ ಅಂತ ಯಾರ್ ಹೇಳಿದ್ರು ಅದಕ್ಕೆ? ಹಗುರ ಮಾಡು ಅಂದಿ, ಮಾಡ್ತು," ಅಂದಳು ನುಜತ್.

"ಪ್ರತಿಯೊಂದೂ ಹೇಳ್ಕೊಂತ ಕುಂತ್ರೆ ನಾನೇ ಮಾಡಬೋದಲ್ಲೇ?"

"ಎಲ್ಲಾ ಬ್ಯಾಡ. ಯಾವುದು ಮುಟ್ಟಬೇಕು, ಯಾವುದು ಮುಟ್ಟಬಾರದು, ಎಲ್ಲಿ ನಿಂತು ನಿನ್ನ ಕೇಳಬೇಕು, ಇಷ್ಟು ಹೇಳು. ಬರೀ ಹೇಳಿದ್ರೂ ಸಾಲದು. ಅಳಿಸೋ ಅನುಮತಿನೇ ಕೊಡಬ್ಯಾಡ. ಪ್ರತಿ ತೆಗೆದಿಟ್ಟು ಕೆಲಸಕ್ಕೆ ಹಚ್ಚು."

ಅರೆಮನಸ್ಸಿನಿಂದಲೇ ಬಿಂದು ಹಾಗೆ ಮಾಡಿದಳು. ಸ್ವಲ್ಪ ಹೊತ್ತಿಗೆ ಏಜೆಂಟ್ ನಿಂತಿತು. "ಹಾಡುಗಳ ಫೋಲ್ಡರ್ ಬದಲಿಸಿದರೆ ಇನ್ನೂ ಹಗುರಾಗುತ್ತದೆ. ಅದನ್ನು ಮುಟ್ಟಬಾರದು ಎಂದಿದ್ದೀರಿ. ಏನು ಮಾಡಲಿ?"

"ನಿಂತು ನನ್ನೇ ಕೇಳ್ತಲ್ಲೇ!" ಬಿಂದು ಉಸಿರುಬಿಟ್ಟಳು.

ಮರುದಿನ ದುರುಗವ್ವನ ಮುಂದೆ ಕೂತು ಹಾಡು ಕಳೆದದ್ದನ್ನು ಹೇಳುವಾಗ ಬಿಂದುವಿನ ತಲೆ ಬಗ್ಗಿತ್ತು. ಮುದುಕಿ ನಕ್ಕಳು. "ಹೋದ್ರೆ ಹೋತು ಬಿಡವ್ವ. ನಾ ಇನ್ನೂ ಅದೀನಲ್ಲ, ಮತ್ತೆ ಹಾಡ್ತೀನಿ." ಬಿಸಿಲು ಅಂಗಳಕ್ಕಿಳಿಯಿತು. ಹಾಡು ನಿಧಾನಕ್ಕೆ ಹೊಳೆಯ ಕಡೆ ಹರಿಯಿತು. ಅಜ್ಜಿಯಂತೆ ಹಾಡಿದವರೇ ಇಲ್ಲವಾದ ಮೇಲೆ ಹಾಡು ಕಳೆದಿದ್ದರೆ, ಎಂದುಕೊಂಡಳು ಬಿಂದು.

ಅಕ್ಕಂದಿರೇ, ಅಣ್ಣಂದಿರೇ, ಎಐ ಏಜೆಂಟ್‌ಗೆ ಕೆಲಸ ಒಪ್ಪಿಸುವ ಮೊದಲು ಅದಕ್ಕೆ ಗಡಿ ಹಾಕಿ. ನಿಮಗೆ ಯಾವುದು ಅಮೂಲ್ಯ ಎಂಬುದು ನೀವು ಹೇಳದೆ ಅದಕ್ಕೆ ಗೊತ್ತಾಗುವುದಿಲ್ಲ.