ಎಡಗಡೆಯ ಕುರ್ಚಿ

ಮೇಜಿನ ಅಂಚು ಮತ್ತೆ ಬಾಗಿತು, ಬಾಗುವಂಥ ಮೇಜಲ್ಲ ಅದು, ಮಾವನ ಕಾಲದ ಓಕ್ ಮರದ್ದು, ಇಬ್ಬರು ಹಿಡಿದರೂ ಜಗ್ಗುವುದಿಲ್ಲ, ಆದರೂ ಬ್ರೆಂಡಾ ನೇರ ನೋಡಿದಾಗೆಲ್ಲ ಅದರ ಅಂಚು ಒಳಕ್ಕೆ ಕುಸಿಯುತ್ತದೆ, ಕಣ್ಣು ಪಕ್ಕಕ್ಕೆ ಸರಿಸಿದರೆ ಏನೂ ಅರಿಯದವನ ಹಾಗೆ ನೆಟ್ಟಗಾಗುತ್ತದೆ — ಇರಲಿ, ತಟ್ಟೆ ಒರೆಸುವುದಕ್ಕೆ ಕಣ್ಣೇಕೆ, ಬೆರಳು ಸಾಕು, ಭಾನುವಾರದ ಮಾಂಸದ ಜಿಡ್ಡು ಹೋಯಿತೋ ಇಲ್ಲವೋ ಬೆರಳೇ ಹೇಳುತ್ತದೆ, ಬಟ್ಟೆ ಬೆಚ್ಚಗಿದೆ, ಕಿಟಕಿಯಾಚೆ ಟಾಡ್‌ಮೋರ್ಡನ್ನಿನ ಗುಡ್ಡದ ಮೇಲೆ ಮಾರ್ಚ್ ತಿಂಗಳ ಬಿಸಿಲು ಮುಖ ತೋರಿಸಿ ಹೋಯಿತು, ಮೇಜಿನ ಮೇಲೆ ಫ್ರಾನ್ಸ್ ದೇಶದ ನಕ್ಷೆ ಅಂಗಾತ ಬಿದ್ದಿದೆ, ಒಂದು ಮೂಲೆಗೆ ಸಾಸಿವೆ ಡಬ್ಬಿ, ಒಂದಕ್ಕೆ ಉಪ್ಪಿನ ಕುಡಿಕೆ, ಒಂದಕ್ಕೆ ತೊಳೆಯದ ಗ್ರೇವಿ ಜಗ್ಗು, ಗಂಡ ನಾರ್ಮನ್ ಅದರ ಮೇಲೆ ಬಗ್ಗಿ ಕೆಂಪು ಪೆನ್ಸಿಲ್ಲಿನಲ್ಲಿ ದಾರಿ ಎಳೆಯುತ್ತಿದ್ದಾನೆ, ಅವನ ಎರಡು ಕಿವಿ ಕಾಣುತ್ತವೆ, ಎದ್ದು ನಿಂತ ಬಿಳಿಕೂದಲು ಕಾಣುತ್ತದೆ, ನಡುವಿನ ಮುಖದ ಜಾಗದಲ್ಲಿ ಒಂದು ಬೂದು ಮಸುಕು, ಪರವಾಗಿಲ್ಲ, ನಲವತ್ತೆಂಟು ವರ್ಷ ನೋಡಿದ ಮುಖ, ಮೂಗು ಎಲ್ಲಿದೆಯೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಸಲ ರುವಾಂ ಊರೊಳಗೆ ಹೋಗೋದೇ ಬೇಡ ಕಣೇ, ಅಂದ ಅವನು ತಲೆಯೆತ್ತದೆ, ಹೋದ ಸಲ ಅದೇ ಸೇತುವೆ ಮೂರು ಸಲ ದಾಟಿದ್ವಿ. ಮೂರಲ್ಲ, ನಾಲ್ಕು, ಅಂದಳು ಅವಳು, ನಾಲ್ಕನೇ ಸಲಕ್ಕೆ ಅಲ್ಲಿ ಮೀನು ಹಿಡೀತಿದ್ದವನು ನಮಗೆ ಟೋಪಿ ತೆಗೆದು ನಮಸ್ಕಾರ ಮಾಡಿದ. ಅವನು ಗೊಳ್ಳೆಂದು ನಕ್ಕ, ಆ ನಗು ಹಾಗೇ ಇದೆ, ಅದಕ್ಕೆ ಮಸುಕಿಲ್ಲ.

ನ್ಯೂಹೇವನ್ನಿನಿಂದ ಹಡಗು, ಡಿಯೆಪ್‌ನಲ್ಲಿ ಇಳಿಯೋದು, ಲ ಮಾನ್ ಹತ್ರ ರಾತ್ರಿ ತಂಗೋದು, ಆಂಜೆ, ಆಮೇಲೆ ನೆಟ್ಟಗೆ ಸಮುದ್ರ, ಎಂದು ಅವನು ಊರುಗಳ ಹೆಸರನ್ನೆಲ್ಲ ಯಾರ್ಕ್‌ಷೈರಿನ ನಾಲಿಗೆಯಲ್ಲಿ ಅಗಿದು ಉಗಿಯುತ್ತಿದ್ದಾನೆ, ಮೂವತ್ತು ವರ್ಷದಿಂದ ಹೋಗುತ್ತಿದ್ದರೂ ಒಂದು ಹೆಸರೂ ಸರಿಯಾಗಿ ಬರುವುದಿಲ್ಲ, ಚೀಸು ಹ್ಯಾಮು ಆ ಕಡೆಗೆ ಒಯ್ಯುವ ಹಾಗಿಲ್ಲವಂತೆ ಈಗ, ಬಂದರಿನಲ್ಲಿ ಕಿತ್ತುಕೊಳ್ಳುತ್ತಾರಂತೆ, ಕಿತ್ಕೊಳ್ಳೋಕೆ ಬರಲಿ, ಅವನ ಎದುರಿಗೇ ಸ್ಯಾಂಡ್‌ವಿಚ್ ತಿಂದು ಮುಗಿಸ್ತೀನಿ — ತಿನ್ನುತ್ತಾನೆ, ನಾರ್ಮನ್ ತಿಂದೇ ತಿನ್ನುತ್ತಾನೆ, ಅಲ್ಲಿನ ಕಾನೂನಿಗೆ ಬೇಕೆಂದು ಹೆಡ್‌ಲೈಟಿಗೆ ಅಂಟಿಸುವ ಕಪ್ಪು ಸ್ಟಿಕ್ಕರು ತಂದಾಗಿದೆ, ಹಳದಿ ಜಾಕೀಟು ಎರಡು, ತ್ರಿಕೋನದ ಫಲಕ ಒಂದು, ಎಲ್ಲ ಸಿದ್ಧ, ಎಲ್ಲ ಇದೆ, ಒಂದು ಜೊತೆ ಕಣ್ಣು ಮಾತ್ರ ಇಲ್ಲ, ಅದನ್ನು ಹೇಳಬೇಕು, ಇವತ್ತು ಹೇಳಬೇಕು, ಆ ಪೆನ್ಸಿಲ್ಲು ಲ ಮಾನ್ ತಲುಪುವುದರೊಳಗೆ ಹೇಳಿಬಿಡಬೇಕು. ಹೇಳಿದರೆ ಅವನು ನಕ್ಷೆ ಮಡಚುತ್ತಾನೆ, ಸದ್ದಿಲ್ಲದೆ ಮಡಚಿ, ಬಿಡು ಮುದುಕಿ, ವಿಟ್‌ಬಿಗೇ ಹೋಗೋಣ, ಅಲ್ಲೂ ಸಮುದ್ರ ಇದೆ, ಅನ್ನುತ್ತಾನೆ, ಆ ಮಾತಿಗೆ ಹೆದರಿಯೇ ಅವಳು ಮೂರು ವಾರದಿಂದ ಬಾಯಿ ಮುಚ್ಚಿಕೊಂಡಿದ್ದಾಳೆ.

ಏಕೆಂದರೆ ರುವಾಂ ದಾಟಿದ ಮೇಲೆ ಆ ರಸ್ತೆ ಇದೆಯಲ್ಲ, ಹೋಗಲೊಂದು ಸಾಲು ಬರಲೊಂದು ಸಾಲು, ಎರಡೂ ಕಡೆ ಪಾಪ್ಲಾರ್ ಮರ, ಮುಂದೆ ಸದಾ ಒಂದು ಲಾರಿ, ಟೋಲಿನ ದೊಡ್ಡ ರಸ್ತೆಯಲ್ಲಿ ನಾರ್ಮನ್ ಕಾಲಿಡುವವನಲ್ಲ, ಅಲ್ಲಿ ನೋಡೋಕೆ ಒಂದು ಹಸುವೂ ಇರಲ್ಲ ಅನ್ನುತ್ತಾನೆ — ನಮ್ಮ ಗಾಡಿಯ ಸ್ಟಿಯರಿಂಗ್ ಇರುವುದು ಬಲಕ್ಕೆ, ಆ ದೇಶದವರು ಓಡಿಸುವುದೂ ರಸ್ತೆಯ ಬಲಕ್ಕೆ, ಹಾಗಾಗಿ ಅಲ್ಲಿ ನಾರ್ಮನ್ ಕೂರುವುದು ಚರಂಡಿಯ ಬದಿಗೆ, ಅವನಿಗೆ ಕಾಣುವುದು ಲಾರಿಯ ಬೆನ್ನೊಂದೇ, ಎದುರಿನಿಂದ ಏನು ಬರುತ್ತಿದೆ ಎಂಬುದು ಕಾಣುವುದು ಎಡಗಡೆ ಕೂತ ಬ್ರೆಂಡಾಳಿಗೆ, ಅವಳು ಗಾಜಿಗೆ ಕೆನ್ನೆ ಹಚ್ಚಿ ಇಣುಕಬೇಕು, ಬೇಡ, ಬೇಡ, ಇರು, ಈಗ ಹೋಗು, ಅನ್ನಬೇಕು, ಹೋಗು ಅಂದೊಡನೆ ಅವನು ಲಾರಿಯನ್ನು ಹಿಂದಿಕ್ಕಲು ಎಡಕ್ಕೆ ಹೊರಳಿಸಿಬಿಡುತ್ತಾನೆ, ಕಣ್ಣು ಕಟ್ಟಿಕೊಂಡವನ ಹಾಗೆ, ಆಕಡೆ ಏನಿದೆಯೆಂದು ತಿಳಿಯದೆ. ಕೌನ್ಸಿಲ್ಲಿನವರ ಜೊತೆ ಜಗಳ, ಹವಾಮಾನ ಓದುವವಳ ಜೊತೆ ಜಗಳ, ಡಾಕ್ಟರು ರಕ್ತದೊತ್ತಡ ಹೇಳಿದರೆ ನಿಮ್ಮ ಯಂತ್ರ ಸರಿಯಿಲ್ಲ ಅನ್ನುವ ಮನುಷ್ಯ, ಉಪ್ಪು ಸಾಕು ಅಂದರೆ ಇನ್ನೊಂದು ಚಿಟಿಕೆ ಹಾಕಿಕೊಳ್ಳುವವನು, ಆ ರಸ್ತೆಯಲ್ಲಿ ಮಾತ್ರ, ಮೂವತ್ತು ವರ್ಷದಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳು ಕೂತಿದ್ದಾಗಲೂ, ನಿಜವಾಗಿಯೂ ಹೋಗಬಹುದಾ ಅಂತ ಒಂದೇ ಒಂದು ಸಲ ತಿರುಗಿ ಕೇಳಿದವನಲ್ಲ. ಮದುವೆಯಲ್ಲಿ ಅವನು ಏನೇನು ಮಾತು ಕೊಟ್ಟನೋ ಅವಳಿಗೆ ನೆನಪಿಲ್ಲ, ಇದು ನೆನಪಿದೆ, ಇದಕ್ಕಾಗಿ ಅವಳು ಅವನಿಗೆ ಎಂದೂ ಥ್ಯಾಂಕ್ಸ್ ಹೇಳಿಲ್ಲ, ಹೇಳಿದರೆ ಅವನು ಏನು ಕೆಡಿಸಿದೆ ಹೇಳು ಎಂದು ಕೇಳುತ್ತಾನೆ.

ಜೋಸೆಟ್‌ಗೂ ಹಾಗೆಯೇ, ಎಷ್ಟು ಹೇಳಿದರೂ ಮುಗಿಯದ ಋಣ, ಸಮುದ್ರದ ದಂಡೆಯಲ್ಲಿ ರಜೆಗೆ ಬಂದವರು ಡೇರೆ ಹಾಕುವ ಅವಳದೊಂದು ಸಣ್ಣ ಬಯಲು, ಮೊದಲ ವರ್ಷ ಹೋದಾಗ ಮೂರು ದಿನ ಬಿಡದ ಮಳೆ, ಡೇರೆಯೊಳಗೆ ಚಪ್ಪಲಿ ತೇಲುತ್ತಿತ್ತು, ಸಣ್ಣವಳಿಗೆ ಜ್ವರ, ಗುರುತು ಪರಿಚಯವಿಲ್ಲದ ಆ ಹೆಂಗಸು ಲಾಂದ್ರ ಹಿಡಿದು ಬಂದು, ಏನೋ ಬೈಯುತ್ತ, ಒಂದು ಮಾತೂ ಅರ್ಥವಾಗಲಿಲ್ಲ, ಮಗುವನ್ನು ಎತ್ತಿಕೊಂಡು ನಡೆದೇಬಿಟ್ಟಳು, ಇವರಿಬ್ಬರೂ ಹಿಂದೆ ಓಡಿದರು, ತನ್ನ ಮಂಚದಲ್ಲಿ ನಾಲ್ಕೂ ಜನರನ್ನು ಮಲಗಿಸಿ ತಾನು ಅಡುಗೆಮನೆಯ ಬೆಂಚಿನ ಮೇಲೆ ಮಲಗಿದಳು, ಬೆಳಿಗ್ಗೆ ದೊಡ್ಡ ಬಟ್ಟಲಲ್ಲಿ ಕಾಫಿ, ಉಪ್ಪು ಹರಳಿನ ಬೆಣ್ಣೆ, ಆ ಬೆಣ್ಣೆಯ ರುಚಿ ಈಗಲೂ ನಾಲಿಗೆಯ ಬದಿಯಲ್ಲಿದೆ — ಕ್ರಿಸ್‌ಮಸ್ಸಿಗೆ ಫೋನು ಮಾಡಿದ್ದಳು, ಈ ವರ್ಷ ಖಂಡಿತ ಬನ್ನಿ, ಮುಂದಿನ ವರ್ಷದ ಮಾತು ನಾನು ಯಾರಿಗೂ ಕೊಡ್ತಿಲ್ಲ, ಎಂಬತ್ತಾರಾಯ್ತು. ಅವಳ ಮುಖ, ಈ ವರ್ಷ ಹೋದರೆ ಅಂಚಿನಲ್ಲಾದರೂ ಕಾಣುತ್ತದೆ. ಅಂಚು ಉಳಿಯುತ್ತೆ, ಎಂದಿದ್ದ ಮೂರು ವಾರದ ಹಿಂದೆ ಕಣ್ಣಾಸ್ಪತ್ರೆಯ ಡಾಕ್ಟರ್ ಹುಡುಗ, ನಡುವೆ ಮಾತ್ರ ಹೋಗ್ತಾ ಹೋಗುತ್ತೆ, ಪೂರ್ತಿ ಕತ್ತಲೆ ಆಗಲ್ಲ ಬ್ರೆಂಡಾ, ಎಂದು ಅವಳ ಕೈ ಹಿಡಿದುಕೊಂಡೇ ಹೇಳಿದ, ಒಳ್ಳೆಯ ಹುಡುಗ, ಪೂರ್ತಿ ಕತ್ತಲೆ ಆಗಲ್ಲ ಎಂಬುದು ದೊಡ್ಡ ಮಾತು, ಬಸ್‌ಸ್ಟಾಪಿನವರೆಗೂ ಅವಳು ಆ ಮಾತನ್ನು ಎದೆಗವಚಿಕೊಂಡು ಬಂದಳು, ಮನೆಗೆ ಬಂದರೆ ನಾರ್ಮನ್ ಎಲ್ಲಿ ಹೋಗಿದ್ದೆ ಅಂದ, ಬಾಯಿಗೆ ಬಂದದ್ದು ಕೂದಲು ಕತ್ತರಿಸೋಕೆ, ಅವನು ಸುತ್ತ ಬಂದು ನೋಡಿ, ಚೆನ್ನಾಗಿ ಕತ್ತರಿಸಿದಾಳೆ ಕಣೇ, ಹತ್ತು ವರ್ಷ ಚಿಕ್ಕವಳ ಹಾಗೆ ಕಾಣ್ತೀಯ, ಎಂದು ಕೊರಳು ಮುಟ್ಟಿದ. ಆಗ ನಗಬೇಕೋ ಅಳಬೇಕೋ ತಿಳಿಯದೆ ಅವಳು ಕೆಟಲ್ಲಿಗೆ ನೀರು ತುಂಬಿದಳು.

ಬಾರೇ, ಪಾಠ ಮಾಡೋಣ — ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು, ಅಯ್ಯೋ, ಅದನ್ನು ಅವಳು ಮರೆತೇಬಿಟ್ಟಿದ್ದಳು, ಪ್ರತಿ ವರ್ಷ ದಾರಿ ಎಳೆದು ಮುಗಿಸಿದ ದಿನ ಎರಡು ಕುರ್ಚಿ ಅಕ್ಕಪಕ್ಕ, ಬಲಕ್ಕೆ ಅವನು, ಎಡಕ್ಕೆ ಅವಳು, ಅವನ ಕೈಯಲ್ಲಿ ದೊಡ್ಡ ತಟ್ಟೆ, ಅದೇ ಸ್ಟಿಯರಿಂಗ್, ಹಿಂದೆಲ್ಲ ಮಕ್ಕಳು ಕಂಬಳಿ ಹೊದ್ದು ಲಾರಿಯಾಗುತ್ತಿದ್ದರು, ಅವರು ಬೆಳೆದು ಮನೆ ಬಿಟ್ಟ ಮೇಲೆ ಲಾರಿಯ ಕೆಲಸ ಫ್ರಿಜ್ಜಿಗೆ ಬಂತು. ತಟ್ಟೆ ಕೊಡು ಇಲ್ಲಿ, ಒರೆಸಿದ್ದು ಸಾಕು, ಅದರ ಬಣ್ಣ ಕಿತ್ತು ಬರುತ್ತೆ, ಎಂದು ಕೈಯಿಂದ ತಟ್ಟೆ ಕಸಿದುಕೊಂಡ, ಅವಳು ಕೆಟಲ್ಲು ಹಚ್ಚಿ ಬಂದು ಕೂತಳು, ಎಡಗಡೆಯ ಕುರ್ಚಿ, ತಣ್ಣಗಿದೆ, ಅವನು ಬಾಯಲ್ಲಿ ಇಂಜಿನ್ನಿನ ಸದ್ದು ಮಾಡಿದ, ಎಪ್ಪತ್ತೆರಡು ವರ್ಷದ ಗಂಡಸು. ಲಾರಿ, ಅಂದ, ಹಾಲಿನ ಲಾರಿ, ಹೆಣ ಹೊತ್ತವನ ಹಾಗೆ ಹೋಗ್ತಿದಾನೆ, ಏನಂತೀಯ. ಎದುರಿಗೆ ಫ್ರಿಜ್ಜು, ನೇರ ನೋಡಿದರೆ ಫ್ರಿಜ್ಜು ಇಲ್ಲ, ಬೂದು ಮಸುಕು, ಸುತ್ತ ಬಿಳಿಯ ಅಂಚು, ಬೇಡ, ಅಂದಳು ಅವಳು, ಆಟದ ಪ್ರಕಾರ ಎರಡು ಸಲ ಬೇಡ, ಆಮೇಲೆ ಹೋಗು, ಬೇಡ, ಅಂದಳು ಮತ್ತೆ, ಈಗ ಹೋಗು ಅನ್ನುವುದು ಎಷ್ಟು ಸುಲಭ, ಫ್ರಿಜ್ಜಿನ ಆಚೆ ಗೋಡೆಯಿದೆ, ಗೋಡೆ ಎದುರು ಬಂದು ಢಿಕ್ಕಿ ಹೊಡೆಯುವುದಿಲ್ಲ, ಅನ್ನಬಹುದು, ಅಂದು ಚಹಾ ಮಾಡಬಹುದು — ಕಣ್ಣಿನ ಬದಿಯಲ್ಲಿ ಅವನ ಕೈಗಳು ಕಾಣುತ್ತಿವೆ, ಅಂಚಿನಲ್ಲಿರುವುದೆಲ್ಲ ಎಷ್ಟು ಸ್ಪಷ್ಟ, ತಟ್ಟೆಯ ಎರಡೂ ಕಡೆ ಬಿಗಿಯಾಗಿ ಹಿಡಿದ ಕೈ, ಗೆಣ್ಣುಗಳು ಬೆಳ್ಳಗಾಗಿವೆ, ಎಡಭುಜ ಆಗಲೇ ಅರ್ಧ ವಾಲಿದೆ, ಅವಳ ಬಾಯಿಂದ ಒಂದು ಮಾತು ಬಿದ್ದರೆ ಸಾಕು, ಹೊರಳಿಸಲು ಸಿದ್ಧ. ನಾರ್ಮನ್, ಅಂದಳು, ಗಾಡಿ ನಿಲ್ಲಿಸು.

ಅವನು ಬೆಚ್ಚಗಿನ ಚಪ್ಪಲಿ ಹಾಕಿದ ಕಾಲಿನಿಂದ ಬ್ರೇಕ್ ಒತ್ತಿದ. ಎದುರಿಂದ ಬರೋದು ನನಗೆ ಕಾಣಿಸಲ್ಲ, ನಾರ್ಮನ್, ನಡುವೆ ಏನೂ ಕಾಣಿಸಲ್ಲ, ನಿನ್ನ ಮುಖಾನೂ ಕಾಣಿಸಲ್ಲ, ಪಕ್ಕದಲ್ಲಿರೋದು ಮಾತ್ರ, ವಾಸಿಯಾಗಲ್ವಂತೆ. ಕೆಟಲ್ಲು ಕುದಿದು ತಾನೇ ಆರಿತು, ಗುಡ್ಡದ ಕಡೆ ಯಾರದೋ ನಾಯಿ ಬೊಗಳಿತು, ಈಗ ಅವನು ಏಳುತ್ತಾನೆ, ನಕ್ಷೆ ಮಡಚುತ್ತಾನೆ, ಮಡಿಕೆಯ ಸದ್ದಿಗೆ ಅವಳು ಕಿವಿಗೊಟ್ಟು ಕೂತಳು, ಸದ್ದು ಬರಲಿಲ್ಲ. ಕೂದಲು ಕತ್ತರಿಸೋಕೆ ಹೋಗಿದ್ದೆಯಲ್ಲ, ಆವತ್ತಾ, ಅಂದ. ಆವತ್ತೇ. ಕೂದಲು ಚೆನ್ನಾಗೇ ಇತ್ತು, ಅಂದ. ಟೋಲ್ ರಸ್ತೆಯಲ್ಲಿ ಹೋಗಬಹುದು, ಅಂದಳು ಅವಳು, ಅಲ್ಲಿ ಎದುರಿಂದ ಯಾರೂ ಬರಲ್ಲ, ನನ್ನ ಕಣ್ಣು ಬೇಕಾಗಲ್ಲ. ಅಲ್ಲಿ ಹಸು ಇಲ್ಲ, ಅಂದ ಅವನು, ಹಸು ಕಣ್ಣಿನ ಬದಿಗೇ ಬರುತ್ತೆ, ನಿನಗೆ ಕಾಣುತ್ತೆ, ನಾವು ಅದೇ ದಾರೀಲಿ ಹೋಗೋಣ, ಲಾರಿ ಹಿಂದೇನೇ ಹೋಗೋಣ, ಅದು ಎಲ್ಲಿ ತಿರುಗುತ್ತೋ ಅಲ್ಲೀವರೆಗೆ, ಆಮೇಲೆ ಇನ್ನೊಂದು ಲಾರಿ ಸಿಗುತ್ತೆ, ಜೋಸೆಟ್‌ಗೆ ಎರಡು ದಿನ ತಡ ಅಂತ ಫೋನು ಮಾಡು. ಅವನ ಎಡಗೈ ತಟ್ಟೆ ಬಿಟ್ಟು ಅವಳ ಮೊಣಕಾಲಿನ ಮೇಲೆ ಬಂತು, ಬೆಚ್ಚಗೆ, ಗ್ರೇವಿಯ ವಾಸನೆ, ಅವಳಿಗೆ ಮನಸ್ಸು ತುಂಬಿ ಬಂತು, ಇಷ್ಟು ಸಿಕ್ಕಿತಲ್ಲ, ಇಷ್ಟೆಲ್ಲ ನನಗೆ ಸಿಕ್ಕಿತಲ್ಲ ಅನ್ನಿಸಿತು, ಅವನು ಮತ್ತೆ ಮೆಲ್ಲಗೆ ಇಂಜಿನ್ನಿನ ಸದ್ದು ಶುರುಮಾಡಿದ, ಬಹಳ ಮೆಲ್ಲಗೆ, ಎರಡನೆಯ ಗೇರಿನಲ್ಲಿ, ರುವಾಂ ಹಿಂದೆ ಉಳಿಯಿತು, ಎರಡೂ ಬದಿಯಲ್ಲಿ ಪಾಪ್ಲಾರ್ ಮರ, ಬೇಲಿ, ಹಸು, ಮತ್ತೊಂದು ಹಸು. ಲಾರಿ ಇದೆಯಾ ಇನ್ನೂ, ಅಂದಳು. ಇದೆ, ಅಂದ ಅವನು — ಹೌದು, ಇದೆ, ಅವಳಿಗೂ ಕಾಣುತ್ತಿದೆ, ಮಸುಕಿನ ನಟ್ಟನಡುವೆ, ಬೇರೇನೂ ನಿಲ್ಲದ ಆ ಜಾಗದಲ್ಲಿ, ಲಾರಿಯ ಬೆನ್ನು, ಕೆಸರು ಮೆತ್ತಿದ ಎರಡು ಬಾಗಿಲು, ನಡುವೆ ಕಬ್ಬಿಣದ ಅಗಳಿ, ತುಸು ಎಡಕ್ಕೆ ತುಸು ಬಲಕ್ಕೆ ತೂಗುತ್ತ, ದಾರಿ ಬಿಡದೆ, ಅವಸರವಿಲ್ಲದೆ, ಲಾರಿಯ ಬೆನ್ನು, ಎರಡು ಬಾಗಿಲು, ಅಗಳಿ